ಆಕೆ ರಜೆ ಹಾಕಿದ ದಿನ ಕಂಪ್ಯೂಟರ್ ನಿಲ್ಲುತ್ತಿರಲಿಲ್ಲ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಸರ್, ನಿಮ್ಮ ಕಾಲಕ್ಕ ಇಂಟರ್‌ನೆಟ್ ಇರಲಿಲ್ಲ. ಕಂಪ್ಯೂಟರ್ ಯಾಕ ಕೆಟ್ಟೈತಿ ಅಂತ ಹೆಂಗ ಹುಡುಕ್ತಿದ್ರಿ?" "ತಲಿ ಕೆರಕೊಂಡು ಹುಡುಕ್ತಿದ್ವಿ" ಎನ್ನುತ್ತೇನೆ. ಅವರು ನನ್ನ ಬೋಳು ತಲೆ ನೋಡಿ ನಗುತ್ತಾರೆ. ನಗಲಿ. ನಾನು ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಹೊಸಪೇಟೆಯ ಒಂದು ಕಂಪ್ಯೂಟರ್ ಕಂಪನಿಯಲ್ಲಿ ನಾನು ಸರ್ವಿಸ್ ಇಂಜಿನಿಯರ್ ಆಗಿದ್ದೆ. ತೊಂಬತ್ತರ ದಶಕದ ನಡುವಿನಿಂದ ಬಹಳ ವರ್ಷ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರು ನನ್ನ ಪಾಲಿಗೆ ಬಂದಿದ್ದವು. ಹೆಗಲಿಗೊಂದು ಬ್ಯಾಗು. ಅದರಲ್ಲಿ ಸ್ಕ್ರೂಡ್ರೈವರು, ಮೀಟರು, ಟೆಸ್ಟರು, ಒಂದಿಷ್ಟು ಫ್ಲಾಪಿ, ಧೂಳು ಹೊಡೆಯುವ ಬ್ರಷ್ಷು, ಎಲ್ಲದರ ಮೇಲೆ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ. ಬಸ್ಸಿನ ಕಂಡಕ್ಟರುಗಳು "ಏನ್ರಿ ಡಾಕ್ಟ್ರ, ಇವತ್ತು ಯಾವೂರಾಗ ಪೇಷೆಂಟು?" ಎಂದು ಕೇಳುವಷ್ಟು ಸಲುಗೆ ಬೆಳೆದಿತ್ತು.

ನನಗೆ ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಎಂಥ ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯಲು ಕೂತಿಲ್ಲ. ಆ ಶಾಲು ಈಗ ಟೀವಿಗೆ ಹೊದಿಕೆಯಾಗಿದೆ. ನಾನು ಬರೆಯಬೇಕೆಂದಿರುವುದು ಯಶೋಧರಾ ಎಂಬ ಹೆಣ್ಣುಮಗಳ ಬಗ್ಗೆ. ಎಲ್ಲರೂ ಯಶೋಧ ಎಂದು ಕರೆಯುತ್ತಿದ್ದರು. ಒಂದು ಸಹಕಾರಿ ಬ್ಯಾಂಕಿನಲ್ಲಿ ಹಂಗಾಮಿ ಆಪರೇಟರ್ ಆಗಿದ್ದಳು. ಆಕೆ ಕೂತರೆ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ ಎಂಬ ಮಾತು ಹಬ್ಬಿ, ಖಾಯಂ ಆಗಬೇಕಿದ್ದ ನೌಕರಿ ಕೈತಪ್ಪುವ ಹಂತಕ್ಕೆ ಬಂದಿತ್ತು. ನಿಜವಾದ ಕಾರಣ ಹುಡುಕುವ ಹೊಣೆ ನನ್ನ ಮೇಲೆ ಬಿತ್ತು. ಬ್ಯಾಂಕು ಆ ಐದರಲ್ಲಿ ಯಾವ ಊರಿನದು ಎಂದು ಹೇಳುವುದಿಲ್ಲ. ಅಲ್ಲಿದ್ದವರು ಇನ್ನೂ ಬದುಕಿದ್ದಾರೆ, ಸಿಕ್ಕರೆ ನನ್ನನ್ನು ಮಾತಾಡಿಸುತ್ತಾರೆ.

ಅದಕ್ಕೂ ಮುಂಚೆ ನನ್ನ ಬುದ್ಧಿವಂತಿಕೆ ಎಷ್ಟರದು ಎಂದು ತಿಳಿಸಿಬಿಡುವುದು ಒಳ್ಳೆಯದು. ಹಡಗಲಿಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮಧ್ಯಾಹ್ನವಾದರೆ ತಾನಾಗಿ ಆಫ್ ಆಗುತ್ತಿತ್ತು. ನಾನು ಹೋಗಿ ಕೂತರೆ ಸಾಧು ಹಸುವಿನ ಹಾಗೆ ನಡೆಯುತ್ತಿತ್ತು. ಪವರ್ ಸಪ್ಲೈ ಬದಲಿಸಿದೆ, ಮೆಮೊರಿ ಬದಲಿಸಿದೆ, ಕೊನೆಗೆ ಮದರ್‌ಬೋರ್ಡನ್ನೂ ಬದಲಿಸಿದೆ. ನಾನು ಬಸ್ ಹತ್ತಿದ ಮೇಲೆ ಮತ್ತೆ ಅದೇ ಕಥೆ. ಒಂದು ದಿನ ಹೇಳದೆ ಕೇಳದೆ ಹೋದೆ. ನೋಡಿದರೆ ಹೆಡ್‌ಮಾಸ್ತರರ ಹೆಂಡತಿ ಕೈಯಾರೆ ಹೊಲಿದು ಅಂಚಿಗೆ ಲೇಸು ಕಟ್ಟಿದ ದಪ್ಪ ಬಟ್ಟೆಯ ಕವರು ಡಬ್ಬಿಯನ್ನು ಪೂರ್ತಿ ಮುಚ್ಚಿದೆ, ಒಳಗೆ ಮಷಿನ್ ಓಡುತ್ತಿದೆ. ಮುಟ್ಟಿದರೆ, ಮೇಲೆ ರೊಟ್ಟಿ ಸುಡಬಹುದು ಎನ್ನುವಷ್ಟು ಕಾವು. "ಕವರ್ ತೆಗೀಬೇಕಲ್ರಿ ಮೇಷ್ಟ್ರೆ!" ಎಂದರೆ, "ಧೂಳು ಬೀಳ್ತೈತಿ ಅಂತ ನೀವೇ ಹೇಳಿದ್ರಲ್ರಿ. ನೀವು ಬರ್ತೀರಿ ಅಂದಾಗ ತೆಗೆದು ಮಡಚಿ ಇಡ್ತಿದ್ವಿ, ಮರ್ಯಾದಿ ಇರ್ಲಿ ಅಂತ" ಎಂದರು. ನನ್ನ ಮರ್ಯಾದೆಗಾಗಿ ಒಂದು ಮದರ್‌ಬೋರ್ಡು ಬಲಿಯಾಗಿತ್ತು. ಅಂದಿನಿಂದ ಒಂದು ಬುದ್ಧಿ ಕಲಿತೆ: ನಾನು ಬಂದಾಗ ಇಲ್ಲಿ ಏನು ಬದಲಾಗುತ್ತದೆ ಎಂದು ಮೊದಲು ನೋಡಬೇಕು.

ಕೂಡ್ಲಿಗಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯೊಂದರ ಕಂಪ್ಯೂಟರ್ ಕಥೆ ಇನ್ನೊಂದು ತರಹ. ಅಂಗಡಿಯ ಹಿಂದಿದ್ದ ತೋಟದವನು ತ್ರೀ ಫೇಸ್ ಕರೆಂಟು ಬರದ ಹೊತ್ತಲ್ಲಿ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಬೋರಿನ ಮೋಟರ್ ಎಬ್ಬಿಸುತ್ತಿದ್ದ. ಅದು ಎದ್ದ ಕ್ಷಣಕ್ಕೆ ವೋಲ್ಟೇಜು ನೆಲಕ್ಕೆ ಬಿದ್ದು, ಅಂಗಡಿಯಲ್ಲಿ ಅರ್ಧ ಬರೆದ ಲಗ್ನಪತ್ರಿಕೆ ಮಾಯವಾಗುತ್ತಿತ್ತು. ನಾನು ಮೀಟರು ಹಿಡಿದು ಪತ್ತೆ ಮಾಡಿ ಹೇಳಿದ ಮೇಲೆ ಇಬ್ಬರೂ ಕಿತ್ತಾಡುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡರು. ತೋಟದವನು ಬೇಲಿ ಹತ್ತಿರ ಬಂದು "ಮೋಟ್ರು ಹಾಕ್ತೀನಿ ಲೇ, ಸೇವ್ ಮಾಡ್ಕ!" ಎಂದು ಕೂಗುವನು, ಇವನು ಸೇವ್ ಮಾಡಿಕೊಂಡು "ಹೂಂ, ಹಾಕು!" ಎನ್ನುವನು. ನಾನು ಕಂಡ ಒಪ್ಪಂದಗಳಲ್ಲಿ ಅಷ್ಟು ಚೆನ್ನಾಗಿ ನಡೆದದ್ದು ಇನ್ನೊಂದಿಲ್ಲ.

ನಮ್ಮ ಹೊಸಪೇಟೆಯ ಸಾಹೇಬರಿಗೆ ಈ ಪತ್ತೇದಾರಿಕೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. "ಕಾರಣ ತಗೊಂಡು ಏನ್ ಮಾಡ್ತೀಯೋ? ಸಾಮಾನು ಬದಲಿ ಮಾಡು, ರಿಪೋರ್ಟಿಗೆ ಸಹಿ ತಗಾ, ಬಸ್ ಹತ್ತು" ಎನ್ನುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ತಮ್ಮ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದೊಯ್ದವರು. ಆದರೆ ಗಿರಾಕಿಯ ಮನಸ್ಸಿಗೆ ಒಪ್ಪುವ ಕಾರಣವೇ ಸರಿಯಾದ ಕಾರಣ ಎಂದು ಅವರು ನಂಬಿದ್ದರು.

ಇನ್ನು ಬ್ಯಾಂಕಿನ ವಿಷಯ. ಅಲ್ಲಿ ಮೂರು ಕಂಪ್ಯೂಟರುಗಳು. ಮ್ಯಾನೇಜರ ಹತ್ತಿರ ಮುಖ್ಯವಾದದ್ದು, ಕ್ಯಾಷಿಯರ್ ಕೊಟ್ರೇಶಪ್ಪನ ಮುಂದೆ ಒಂದು, ಹಿಂದಿನ ಮೂಲೆಯಲ್ಲಿ ಯಶೋಧಳದ್ದು. ಮೂರನ್ನೂ ಒಂದು ಕರೀ ಕೇಬಲ್ಲಿನಿಂದ ಸೇರಿಸಿದ್ದರು. ಒಂದು ನಿಂತರೆ ಮೂರೂ ನಿಲ್ಲುತ್ತಿದ್ದವು. ಸಂತೆಯ ದಿನ ಹಳ್ಳಿಗಳಿಂದ ಬಂದವರು ಪಾಸ್‌ಬುಕ್ ಹಿಡಿದು ಕಟ್ಟೆಯ ಮೇಲೆ ಕೂತು, ಒಳಗಿನವರಿಗೆ ಕೇಳುವ ಹಾಗೆ ಬೈಯುತ್ತಿದ್ದರು.

ಮೊದಲ ಸಲ ಹೋದಾಗಲೇ ಮ್ಯಾನೇಜರು ನನ್ನನ್ನು ಬದಿಗೆ ಕರೆದರು. "ನೋಡ್ರಿ, ಮಷಿನ್ ಚೊಲೊ ಐತಿ. ಆ ಹುಡುಗಿ ಕುಂತ್ರ ನಿಂದರತೈತಿ. ಆಕಿ ರಜಾ ಹಾಕಿದ ದಿನ ಏನೂ ತಕರಾರಿಲ್ಲ. ಬೇಕಾದ್ರ ಕೊಟ್ರೇಶಪ್ಪನ್ನ ಕೇಳ್ರಿ."

ಕೊಟ್ರೇಶಪ್ಪನನ್ನು ಕೇಳುವ ಅಗತ್ಯವೇ ಬರಲಿಲ್ಲ. "ಕೈಗುಣ ಅಂತ ಒಂದಿರತೈತ್ರಿ" ಎಂದು ತಾನೇ ಶುರುಮಾಡಿದ. "ಕೆಲವರು ಹಚ್ಚಿದ ಗಿಡ ಹತ್ತಂಗಿಲ್ಲ ನೋಡ್ರಿ, ಹಂಗ." ಇದನ್ನೆಲ್ಲ ಆಕೆಗೆ ಕೇಳುವ ಹಾಗೆಯೇ ಹೇಳಿದ. ಯಶೋಧ ಕೀಬೋರ್ಡಿನ ಮೇಲಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಬಸ್ಸಿನ ದಾರಿಯಲ್ಲಿದ್ದ ಒಂದು ಹಳ್ಳಿಯ ದಲಿತರ ಮನೆಯ ಹುಡುಗಿ ಆಕೆ. ತಂದೆ ಒಂದು ಶಾಲೆಯಲ್ಲಿ ಜವಾನ. ಬುದ್ಧನನ್ನು ನಂಬಿ ಮಗಳಿಗೆ ಬುದ್ಧನ ಹೆಂಡತಿಯ ಹೆಸರಿಟ್ಟಿದ್ದ. ಟೈಪಿಂಗಿನ ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ಮುಗಿಸಿ, ಕಂಪ್ಯೂಟರ್ ಕಲಿತು ಬಂದಿದ್ದಳು. ಆಕೆ ಕೀಬೋರ್ಡಿನ ಮೇಲೆ ಬೆರಳಾಡಿಸುವುದನ್ನು ನೋಡಿದರೆ ನನ್ನಂಥವನಿಗೆ ನಾಚಿಕೆಯಾಗುತ್ತಿತ್ತು. ನಾನು ಇವತ್ತಿಗೂ ಎರಡೇ ಬೆರಳಿನ ಗಿರಾಕಿ.

ಆಕೆಯ ಮಷಿನ್ ಬಿಚ್ಚಿದೆ. ಹಿಂದಿನ ಮೂಲೆಯಲ್ಲಿ ಕತ್ತಲೆ, ಹಾಗಾಗಿ ಡಬ್ಬಿಯನ್ನು ಎತ್ತಿಕೊಂಡು ಬಂದು ಕೊಟ್ರೇಶಪ್ಪನ ಪಕ್ಕ, ಕಿಟಕಿಯ ಬೆಳಕಿನಲ್ಲಿ ಇಟ್ಟು ಪರೀಕ್ಷೆ ಮಾಡಿದೆ. ಇಡೀ ದಿನ ಓಡಿತು, ಚಕಾರವೆತ್ತಲಿಲ್ಲ. ವಾಪಸ್ ಮೂಲೆಗೆ ಜೋಡಿಸಿ ಬಂದೆ. ಸ್ವಲ್ಪ ದಿನಕ್ಕೆ ಫೋನು: "ಮತ್ತ ನಿಂತೈತ್ರಿ." ಹೋದೆ, ಕರೀ ಕೇಬಲ್ ಸಿಕ್ಕಿಸುವ ಕಾರ್ಡು ಬದಲಿಸಿದೆ, ಕಿಟಕಿ ಹತ್ತಿರ ಪರೀಕ್ಷೆ ಮಾಡಿದೆ, ಓಡಿತು. ಬಂದೆ, ಮತ್ತೆ ಫೋನು. ಕಡೆಕಡೆಗೆ ನನಗೂ ಒಳಗೊಳಗೇ ಅನುಮಾನ ಶುರುವಾಯಿತು. ಕೈಗುಣ ಎಂಬುದನ್ನು ನಂಬಲಿಲ್ಲ ನಿಜ. ಆದರೆ ಆಕೆ ಯಾವುದೋ ತಪ್ಪು ಕೀ ಒತ್ತುತ್ತಿರಬೇಕು, ಹೆದರಿ ಹೇಳುತ್ತಿಲ್ಲ ಎಂದುಕೊಂಡೆ. ಒಮ್ಮೆ ಕೇಳಿಯೂ ಬಿಟ್ಟೆ. "ಇಲ್ರಿ ಸರ್" ಎಂದಳು, ಅಷ್ಟೇ.

ಸಾಹೇಬರಂತೂ ನಿರ್ಧಾರ ಮಾಡಿಯಾಗಿತ್ತು. "ಆಪರೇಟರ್ ತಪ್ಪು ಅಂತ ಬರದುಬಿಡು. ಅವ್ರಿಗೂ ಅದೇ ಬೇಕಾಗೈತಿ." ಹಾಗೆ ಬರೆದರೆ ವರ್ಷದ ಕೊನೆಗೆ ಆಕೆಯನ್ನು ಮನೆಗೆ ಕಳಿಸುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಇನ್ನೊಂದು ಸಲ ಹೋಗಿಬರುತ್ತೇನೆ ಎಂದು ಹೇಳಿ ಬಸ್ ಹತ್ತಿದೆ.

ಆ ಬಸ್ಸಿನಲ್ಲಿ ಹಡಗಲಿಯ ಲೇಸಿನ ಕವರು ನೆನಪಾಯಿತು. ನಾನು ಬಂದಾಗ ಇಲ್ಲಿ ಏನು ಬದಲಾಗುತ್ತದೆ? ಪ್ರತಿ ಸಲವೂ ಮಷಿನ್ನನ್ನು ಮೂಲೆಯಿಂದ ಎಬ್ಬಿಸಿ ಕಿಟಕಿಗೆ ತರುತ್ತಿದ್ದವನು ನಾನೇ! ಸಾಮಾನನ್ನೆಲ್ಲ ಅದಲು ಬದಲು ಮಾಡಿದ್ದೆ, ಮನುಷ್ಯರನ್ನು ಮಾಡಿರಲಿಲ್ಲ.

ಹೋದವನೇ ಹೇಳಿದೆ: "ಕೊಟ್ರೇಶಪ್ಪನೋರೆ, ನೀವು ಸ್ವಲ್ಪ ಹೊತ್ತು ಯಶೋಧಮ್ಮನ ಜಾಗದಾಗ ಕುಂದರ್ರಿ. ಯಶೋಧಮ್ಮ, ನೀವು ಇವರ ಜಾಗಕ್ಕ ಬರ್ರಿ."

ಯಶೋಧ ಅರ್ಧ ಎದ್ದಳು. ಕೊಟ್ರೇಶಪ್ಪ ಏಳಲಿಲ್ಲ. "ಕ್ಯಾಶ್ ಬಿಟ್ಟು ಬರಾಕ ಬರಂಗಿಲ್ರಿ" ಎಂದ. ಪೆಟ್ಟಿಗೆಗೆ ಬೀಗ ಹಾಕಿ ಬನ್ನಿ ಎಂದೆ. "ಅಲ್ಲಿ ನಂಗ ಕಣ್ಣು ಕಾಣಂಗಿಲ್ರಿ" ಎಂದ. ಮ್ಯಾನೇಜರು ಒಳಗಿಂದಲೇ "ಅವರನ್ಯಾಕ ಎಬ್ಬಸ್ತೀರಿ, ಆಕಿ ಅಲ್ಲೇ ಇರಲಿ ಬಿಡ್ರಿ" ಎಂದು ಕೂಗಿದರು. ಯಶೋಧ ಮತ್ತೆ ಕೂತಳು. ಎಂಥ ಸೋಮಾರಿಗಳಪ್ಪ ಎಂದು ನಾನು ಬೈದುಕೊಂಡೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಹೊಳೆಯಲಿಲ್ಲ.

ಕೊನೆಗೆ ನಾನೇ ಆಕೆಯ ಕುರ್ಚಿಯಲ್ಲಿ ಕೂತು ಎರಡು ಬೆರಳಿನಲ್ಲಿ ಕುಟ್ಟತೊಡಗಿದೆ. ಆಕೆ ಪಕ್ಕದಲ್ಲಿ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಪರದೆ ಗಪ್ಪನೆ ನಿಂತಿತು. ಅತ್ತ ಕೊಟ್ರೇಶಪ್ಪನದೂ ನಿಂತಿತು. ನಾನು ಲಾಟರಿ ಹೊಡೆದವನ ಹಾಗೆ "ಹ್ಯಾಂಗ್ ಆತು!" ಎಂದು ಕಿರುಚಿದೆ. ಯಶೋಧ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಕೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಸರ್, ನಿಮ್ಮ ಕೈಗುಣಾನೂ ಸರಿ ಇಲ್ಲ ಬಿಡ್ರಿ" ಎಂದಳು.

ಮಷಿನ್ನಿನ ಹಿಂಬದಿಯ ತಗಡಿಗೆ ಕೈ ಹಾಕಿದೆ, ಜುಮ್ಮೆಂದಿತು. ಟೆಸ್ಟರು ಇಟ್ಟರೆ ಮಂಕಾಗಿ ಹೊತ್ತಿಕೊಂಡಿತು. "ನಿಮಗೂ ಹಿಂಗ ಜುಮ್ ಅಂತಿತ್ತೇನು?" ಎಂದು ಕೇಳಿದೆ.

"ದಿನಾ ಅಂತೈತ್ರಿ."

"ಹೇಳಬಾರದೇನಮ್ಮ?"

"ಹೇಳಿದ್ರ ಅದೂ ನನ್ನ ಕೈಗುಣ ಅಂತಿದ್ರು ಸರ್."

ಪ್ಲಗ್ ಹಾಕಿದ್ದ ಬೋರ್ಡನ್ನು ಬಿಚ್ಚಿದೆ. ಮೇಲೆ ಮೂರು ತೂತು, ಒಳಗೆ ಎರಡೇ ವೈರು. ಅರ್ಥಿಂಗ್ ಇರಲೇ ಇಲ್ಲ. ಮಷಿನ್ನಿನಲ್ಲಿ ಸೋರುವ ಅಷ್ಟಿಷ್ಟು ಕರೆಂಟನ್ನು ಮೂರನೆಯ ವೈರು ನೆಲಕ್ಕೆ ಇಳಿಸಬೇಕು. ಇಲ್ಲಿ ಇಳಿಯಲು ದಾರಿಯಿಲ್ಲದೆ ಅದು ಕರೀ ಕೇಬಲ್ ಹಿಡಿದು ಉಳಿದ ಮಷಿನ್ನುಗಳಿಗೆ ನುಗ್ಗುತ್ತಿತ್ತು. ಆಕೆ ರಜೆ ಹಾಕಿದ ದಿನ ಈ ಮಷಿನ್ ಆಫ್ ಇರುತ್ತಿತ್ತು, ಬ್ಯಾಂಕು ಚೆನ್ನಾಗಿ ನಡೆಯುತ್ತಿತ್ತು. ಮ್ಯಾನೇಜರು ಕಂಡದ್ದರಲ್ಲಿ ತಪ್ಪಿರಲಿಲ್ಲ. ಮೂರು ತೂತು ನೋಡಿಯೇ ಸಮಾಧಾನಪಟ್ಟುಕೊಂಡು ಇಷ್ಟು ಸಲ ಬಸ್ಸಿಗೆ ಅಲೆದ ನಾನು ಎಂಥ ದಡ್ಡ ಎಂದು ಅನ್ನಿಸಿತು.

ಆ ಎರಡು ವೈರು ಎಲ್ಲಿಂದ ಬಂದಿದೆ ಎಂದು ಹಿಡಿದುಕೊಂಡು ಹೊರಟೆ. ಕಪಾಟಿನ ಹಿಂದೆ, ಕಿಟಕಿಯ ಕೆಳಗೆ ಹಾದು ಮುಂದಿನ ಗೋಡೆಗೆ ಬಂತು. ಅಲ್ಲಿ ಕಂಪ್ಯೂಟರ್ ತಂದಾಗ ಹಾಕಿಸಿದ ಮೂರು ಪಾಯಿಂಟುಗಳು, ಮೂರಕ್ಕೂ ಒಳ್ಳೆಯ ಅರ್ಥಿಂಗ್. ನಾನು ಪರೀಕ್ಷೆಗೆ ಪ್ರತಿ ಸಲ ಪ್ಲಗ್ ಹಾಕುತ್ತಿದ್ದುದೂ ಇಲ್ಲಿಗೇ, ಅದಕ್ಕೇ ಮಷಿನ್ ಓಡುತ್ತಿತ್ತು. ಮೂರನೆಯದು ಆಪರೇಟರ್ ಮೇಜಿಗೆಂದೇ ಮಾಡಿಸಿದ್ದು. ಅದರ ಎದುರು ಮೇಜು ಇರಲಿಲ್ಲ. ಪಕ್ಕದಲ್ಲಿ ಮರದ ಸ್ಟೂಲಿನ ಮೇಲೆ ಕುಡಿಯುವ ನೀರಿನ ಮಣ್ಣಿನ ಹರವಿ ಇತ್ತು, ಮೇಲೊಂದು ತಟ್ಟೆ, ಹಿಡಿಕೆಯ ಲೋಟ.

"ಇಷ್ಟು ಚೊಲೊ ಪಾಯಿಂಟ್ ಬಿಟ್ಟು ಅಷ್ಟು ದೂರ ಯಾಕ ಎಳದೀರಿ? ಮೇಜು ಯಾಕ ಸರಿಸಿದ್ರಿ?" ಎಂದು ಗಟ್ಟಿಯಾಗಿಯೇ ಕೇಳಿದೆ.

ಕೊಟ್ರೇಶಪ್ಪ ಎಣಿಸಿ ಕಟ್ಟಿದ್ದ ನೋಟನ್ನು ಬಿಚ್ಚಿ ಮತ್ತೆ ಎಣಿಸತೊಡಗಿದ. ಮ್ಯಾನೇಜರು ಬಾಗಿಲಿಗೆ ಬಂದು, "ಗಾಳಿ ಬರ್ಲಿ ಅಂತ ಸರಿಸೀವ್ರಿ" ಎಂದರು. ಹಿಂದಿನ ಮೂಲೆಯಲ್ಲಿ ಕಿಟಕಿಯೇ ಇರಲಿಲ್ಲ. ಯಶೋಧ ನೆಲ ನೋಡುತ್ತ ನಿಂತಿದ್ದಳು. ಆಗ ನನ್ನ ಮಂದ ತಲೆಗೆ ಹೊಳೆಯಿತು. ಆಕೆ ಕೆಲಸಕ್ಕೆ ಸೇರಿದ ಮೇಲೆ ಮೇಜನ್ನು ನೀರಿನಿಂದ ದೂರ ಮಾಡಿದ್ದರು. ಆಕೆಯ ಕುರ್ಚಿಯಲ್ಲಿ ಕೊಟ್ರೇಶಪ್ಪ ಕೂರದಿದ್ದುದೂ ಕಣ್ಣು ಕಾಣದ್ದಕ್ಕಲ್ಲ. ನಾನು ಬಂದಾಗಲೆಲ್ಲ ಅದೇ ಹರವಿಯ ತಣ್ಣನೆಯ ನೀರನ್ನು ಕೊಟ್ರೇಶಪ್ಪ ಪ್ರೀತಿಯಿಂದ ತಂದುಕೊಡುತ್ತಿದ್ದ. ಗಟಗಟ ಕುಡಿದು, "ಏನ್ ತಂಪೈತಿ ನೀರು" ಎಂದು ಹೊಗಳುತ್ತಿದ್ದೆ.

ನನಗೆ ಸಿಟ್ಟು ನೆತ್ತಿಗೇರಿತು. "ಹರವಿ ಸಲುವಾಗಿ ಮೇಜು ಸರಿಸೀರಿ. ಮೇಜು ಸರಿಸಿ ಈ ವೈರು ಎಳದೀರಿ. ವೈರಿನ ಸಲುವಾಗಿ ಬ್ಯಾಂಕು ನಿಂತೈತಿ. ಬೈಗುಳ ಮಾತ್ರ ಈಕಿಗೆ!" ಎಂದೆ.

ಮ್ಯಾನೇಜರು ದನಿ ಏರಿಸಲಿಲ್ಲ. "ಇಂಜಿನಿಯರ್ರೆ, ನೀವು ಮಷಿನ್ ನೋಡಾಕ ಬಂದೀರಿ. ಮಷಿನ್ ನೋಡ್ರಿ. ಮೂರು ವೈರಿಂದು ಕೇಬಲ್ ಎಳೀರಿ, ಮೇಜು ಅಲ್ಲೇ ಇರಲಿ."

ಎಳೆಯುವುದಿಲ್ಲ ಎಂದೆ. ಮೇಜು ಮುಂದಿನ ಗೋಡೆಗೆ ಬರದಿದ್ದರೆ ಕಂಪನಿ ಜವಾಬ್ದಾರಿಯಲ್ಲ ಎಂದು ಬರೆದು ಹೋಗುತ್ತೇನೆ ಎಂದು ಹಟ ಹಿಡಿದೆ. ಇಲ್ಲದ ಅಧಿಕಾರ ತೋರಿಸಿದೆ. ಮ್ಯಾನೇಜರು ಕಡೆಗೆ "ಆತ್ರಿ" ಎಂದರು. ಮೇಜಿನ ಒಂದು ಕಡೆ ನಾನು, ಇನ್ನೊಂದು ಕಡೆ ಯಶೋಧ ಹಿಡಿದು ತಂದು ಹರವಿಯ ಪಕ್ಕವೇ ಇಟ್ಟೆವು. ಮಷಿನ್ ಜೋಡಿಸಿ ಆಕೆಯನ್ನೇ ಕೂರಿಸಿದೆ. ಬ್ಯಾಂಕು ಮುಚ್ಚುವ ತನಕ ಒಂದು ಸಲವೂ ನಿಲ್ಲಲಿಲ್ಲ. ರಿಪೋರ್ಟಿನಲ್ಲಿ "ಅರ್ಥಿಂಗ್ ಇರಲಿಲ್ಲ, ಸರಿಪಡಿಸಲಾಗಿದೆ, ಆಪರೇಟರ್ ತಪ್ಪಿಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆದೆ. ವಾಪಸಾಗುವಾಗ ಬಸ್ಸಿನಲ್ಲಿ ಎದೆ ಉಬ್ಬಿತ್ತು. ಇಡೀ ನೌಕರಿಯಲ್ಲಿ ಅಷ್ಟು ಖುಷಿಯಾದ ದಿನ ಇನ್ನೊಂದಿಲ್ಲ. ಆ ಖುಷಿಯನ್ನು ನೆನೆದರೇ ಈಗ ಹೆಚ್ಚು ಸಂಕಟವಾಗುತ್ತದೆ.

ಈಗಿನವರು ಹೀಗೆ ವೈರು ಹಿಡಿದು ಗೋಡೆ ಸುತ್ತುವುದಿಲ್ಲ. ಕೆಟ್ಟರೆ ಇಡೀ ಡಬ್ಬಿ ಬದಲಿಸುತ್ತಾರೆ, ದೂರದಲ್ಲಿ ಕೂತೇ ಒಳಗೆ ಹೊಕ್ಕು ನೋಡುತ್ತಾರೆ. ತಪ್ಪು ಅನ್ನುವುದಿಲ್ಲ, ಕೆಲಸ ಬೇಗ ಆಗುತ್ತದೆ. ಆದರೂ ಹೊಸಬರಿಗೆ ಒಂದು ಮಾತು. ಒಬ್ಬರು ಕೂತಾಗ ಮಾತ್ರ ಮಷಿನ್ ಕೆಡುತ್ತದೆ ಎಂದು ಯಾರಾದರೂ ಹೇಳಿದರೆ, ಅವರು ಕೂತ ಜಾಗ ಯಾವುದು, ಅಲ್ಲಿ ಅವರನ್ನು ಕೂರಿಸಿದವರು ಯಾರು ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ಎದೆ ಉಬ್ಬಿಸಿಕೊಂಡು ಬಸ್ ಹತ್ತಬೇಡಿ. ಇನ್ನೊಂದು ಸಲ ಹೋಗಿ ನೋಡಿ.

ನಾನು ಮತ್ತೆ ಹೋದದ್ದು ಕೆಲವು ತಿಂಗಳ ಮೇಲೆ, ಪ್ರಿಂಟರ್ ನೋಡಲು. ಹ್ಯಾಂಗ್ ಎಂಬ ದೂರು ಆಮೇಲೆ ಬಂದಿರಲೇ ಇಲ್ಲ. ಮ್ಯಾನೇಜರು ಎದ್ದು ಬಂದು ಕೈಕುಲುಕಿ, "ಮಷಿನ್ ಅಂದ್ರ ಹಿಂಗಿರಬೇಕು ನೋಡ್ರಿ" ಎಂದರು. ಯಶೋಧ ಮುಂದಿನ ಗೋಡೆಯ ಮೇಜಿನಲ್ಲೇ ಇದ್ದಳು, ಕಿಟಕಿಯ ಬೆಳಕಿನಲ್ಲಿ. ಹರವಿ ಅಲ್ಲಿರಲಿಲ್ಲ. ಅದನ್ನು ಹಿಂದಿನ ಕತ್ತಲೆ ಮೂಲೆಗೆ, ಮೊದಲು ಆಕೆಯ ಮೇಜು ಇದ್ದ ಜಾಗಕ್ಕೆ ಒಯ್ದಿದ್ದರು. ಕೊಟ್ರೇಶಪ್ಪನ ಮೇಜೂ ಒಂದಿಷ್ಟು ಆಚೆ ಸರಿದಿತ್ತು. ಆಕೆಯ ಮೇಜಿನ ಕಾಲ ಬಳಿ ಮನೆಯಿಂದ ತಂದ ನೀರಿನ ಬಾಟಲಿ ಇತ್ತು. ಕೊಟ್ರೇಶಪ್ಪ ನನಗೆ ಎಂದಿನಂತೆ ನೀರು ತಂದ. ಬೇಡ ಎಂದೆ. ಅವನು ಲೋಟ ಹಿಡಿದು ಹಿಂದಿನ ಮೂಲೆಗೆ ವಾಪಸ್ ಹೋದ.

ಪ್ರಿಂಟರ್ ಆಕೆಯ ಮೇಜಿನ ಪಕ್ಕದಲ್ಲೇ ಇತ್ತು. ರಿಬ್ಬನ್ ಸರಿಮಾಡುತ್ತ, ಏನಾದರೂ ಮಾತಾಡಬೇಕೆಂದು, "ಈಗ ಆರಾಮಲ್ಲ ಯಶೋಧಮ್ಮ?" ಎಂದೆ.

"ಖಾಯಂ ಆತ್ರಿ ಸರ್. ಅಪ್ಪ ಊರಿಗೆಲ್ಲ ಹೇಳ್ಯಾನ."

ಸ್ವಲ್ಪ ಹೊತ್ತು ಟೈಪ್ ಮಾಡಿದಳು. ಆಮೇಲೆ ನನ್ನ ಕಡೆ ತಿರುಗದೆ, ನನಗಷ್ಟೇ ಕೇಳುವ ಹಾಗೆ ಹೇಳಿದಳು: "ಬ್ಯಾಸರ ಮಾಡ್ಕಬ್ಯಾಡ್ರಿ ಸರ್. ಮಷಿನ್ ಕೆಟ್ಟಿದ್ದಾಗ ಒಂಥರಾ ಚೊಲೊ ಇತ್ತು. ಇವರಿಗೆಲ್ಲ ಆ ಮಷಿನ್ ಸಲುವಾಗೇ ಸಿಟ್ಟು, ಅದು ಸರಿ ಹೋದ ದಿನ ಇವರೂ ಸರಿ ಹೋಗ್ತಾರ ಅನಕೊಂಡು ಕುಂತಿದ್ದೆ. ಈಗ ಅದು ಸರಿ ಹೋಗೈತಿ."

ಕಿಟಕಿಯಾಚೆಯಿಂದ ಒಬ್ಬ ಮುದುಕ ಪಾಸ್‌ಬುಕ್ ಚಾಚಿದ. ಯಶೋಧ ಅದನ್ನು ತೆಗೆದುಕೊಂಡು, "ಹೆಸ್ರು ಹೇಳಜ್ಜ" ಎಂದು ಕೀಬೋರ್ಡಿನ ಮೇಲೆ ಕೈ ಇಟ್ಟಳು.